ಶೋಲ್ ಲೇಕ್‌ನ ನೀರುಗಂಟಿಗಳು

ಕೆನಡಾದ ವಿನಿಪೆಗ್ ನಗರ ಕುಡಿಯುವ ನೀರು 156 ಕಿಲೋಮೀಟರ್ ದೂರದ ಕಾಡಿನ ಒಂದು ಸರೋವರದಿಂದ ಬರುತ್ತದೆ. ಸರೋವರದಿಂದ ನಗರದ ಅಂಚಿನ ತನಕ ಅದನ್ನು ಯಾವ ಯಂತ್ರವೂ ತಳ್ಳುವುದಿಲ್ಲ. ಶೋಲ್ ಲೇಕ್ ಎಂಬ ಆ ಸರೋವರ ನಗರಕ್ಕಿಂತ ಸುಮಾರು 90 ಮೀಟರ್ ಎತ್ತರದಲ್ಲಿದೆ, ಅಷ್ಟೇ. ಕಿಲೋಮೀಟರಿಗೆ ಒಂದು ಮೀಟರೂ ಸಿಗದ ಆ ಇಳಿಜಾರನ್ನು ಜವುಗು ನೆಲದಲ್ಲಿ, ಬಂಡೆಯ ಸಂದಿಯಲ್ಲಿ, ನದಿಗಳ ಅಡಿಯಲ್ಲಿ ಎಲ್ಲೂ ಕಳೆದುಕೊಳ್ಳದೆ ಕಾಪಾಡಿಕೊಂಡು, ಲಾಳದಾಕಾರದ ಕಾಂಕ್ರೀಟ್ ಕಾಲುವೆ ಕಟ್ಟಿ, ಮೇಲೆ ಮಣ್ಣು ಮುಚ್ಚಿದರು. 1919ರ ವಸಂತದಲ್ಲಿ ನೀರು ನಗರ ಸೇರಿತು. ನೂರು ವರ್ಷ ದಾಟಿದರೂ ಅದು ಹಾಗೇ ಬರುತ್ತಿದೆ.

ಆ ಕಾಲುವೆಯ ಇನ್ನೊಂದು ತುದಿಯನ್ನು ನೋಡಬೇಕೆಂದು ನಾವು ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹೊರಟಿದ್ದೆವು. ಕಾರು ಓಡಿಸುತ್ತಿದ್ದವನು ನನ್ನ ಚಿಕ್ಕಪ್ಪನ ಮಗ. ವಿನಿಪೆಗ್‌ನಲ್ಲಿ ಮನೆ ಮಾಡಿ ವರ್ಷಗಳಾಗಿವೆ. ಹಿಂದಿನ ರಾತ್ರಿ ಅಡುಗೆಮನೆಯ ನಲ್ಲಿಗೆ ಲೋಟ ಹಿಡಿದು, "ಇಲ್ಲಿ ಕಾಯಿಸೋದು, ಸೋಸೋದು ಏನೂ ಬೇಡ ಅಕ್ಕ, ಹಾಗೇ ಕುಡೀಬಹುದು" ಅಂದಿದ್ದ. ಕುಡಿದೆ. ತಣ್ಣಗೆ, ಬಾಯಿಗೆ ಹಗುರವಾಗಿತ್ತು. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಕುಡಿದು ಬೆಳೆದ ನಾಲಿಗೆಗೆ ಅಷ್ಟು ಮೆದುವಾದ ನೀರು ಹೊಸದು.

ವಿನಿಪೆಗ್‌ನ ಪೂರ್ವಕ್ಕೆ ಮೊದಲು ಬರೀ ಬಯಲು. ಗೋಧಿ, ಕೆನೋಲಾ ಕೊಯ್ದ ಹೊಲಗಳು, ಅವುಗಳ ಮೇಲೆ ಅಳತೆಯಿಲ್ಲದ ಆಕಾಶ. ಟ್ರಾನ್ಸ್ ಕೆನಡಾ ಹೆದ್ದಾರಿಯ ಬದಿಯಲ್ಲಿ ಒಂದು ಫಲಕ ಸಿಗುತ್ತದೆ: ಪೂರ್ವ ಪಶ್ಚಿಮವಾಗಿ ಅಳೆದರೆ ಕೆನಡಾ ದೇಶದ ನಟ್ಟನಡುವೆ ಇದೇ. ಅದನ್ನು ದಾಟಿ ಒಂದು ಗಂಟೆ ಹೋಗುವಷ್ಟರಲ್ಲಿ ನೆಲ ಬೇರೆಯಾಗುತ್ತದೆ. ಹೊಲ ನಿಲ್ಲುತ್ತದೆ. ಕಪ್ಪು ಸ್ಪ್ರೂಸ್ ಮರಗಳು ಜವುಗಿನಲ್ಲಿ ಒತ್ತಾಗಿ ನಿಂತಿರುತ್ತವೆ. ಆಮೇಲೆ ಬಂಡೆಗಳು ಏಳತೊಡಗುತ್ತವೆ. ಗುಲಾಬಿ, ಬೂದಿ ಬಣ್ಣದ ಬೋಳು ಬಂಡೆಗಳು, ಮೈತುಂಬ ಕಲ್ಲುಹೂವು. ಇದು ಕೆನೇಡಿಯನ್ ಶೀಲ್ಡ್. ಈ ಕಲ್ಲುಗಳಿಗೆ ಇನ್ನೂರೈವತ್ತು ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಹಿಮಯುಗದ ನೀರ್ಗಲ್ಲು ಉಜ್ಜಿ ಕೆತ್ತಿದ ತಗ್ಗುಗಳಲ್ಲೆಲ್ಲ ಈಗ ಸರೋವರ. ಒಂದನ್ನು ನೋಡಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬರುತ್ತದೆ. ಬರ್ಚ್ ಮರಗಳ ಎಲೆ ಆಗತಾನೇ ಹಳದಿಗೆ ತಿರುಗುತ್ತಿತ್ತು. ಬಿಳಿ ಕಾಂಡ, ಹಳದಿ ಎಲೆ, ಹಿಂದೆ ಕಡುನೀಲಿ ನೀರು. ಎಷ್ಟು ಹೊತ್ತು ನಾವಿಬ್ಬರೂ ಮಾತಾಡಲಿಲ್ಲವೋ ಗೊತ್ತಿಲ್ಲ.

ಫಾಲ್ಕನ್ ಲೇಕ್ ದಾಟಿದ ಮೇಲೆ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗುವ ಜಲ್ಲಿರಸ್ತೆಯ ಹೆಸರು ಫ್ರೀಡಂ ರೋಡ್. ಉದ್ದ 24 ಕಿಲೋಮೀಟರ್. ರಸ್ತೆಯೊಂದಕ್ಕೆ ಸ್ವಾತಂತ್ರ್ಯದ ಹೆಸರು ಇಡಬೇಕಾದರೆ ಅದರ ಹಿಂದೆ ಏನಿದ್ದೀತು ಎಂದು ತಿಳಿಯಲು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವಿನಿಪೆಗ್ ದಿನದಿನಕ್ಕೆ ಬೆಳೆಯುತ್ತಿದ್ದ ರೈಲು ನಗರ. ಒಳ್ಳೆಯ ನೀರಿಲ್ಲ. ಟೈಫಾಯ್ಡ್ ಮತ್ತೆ ಮತ್ತೆ ಬಂದು ಜನರನ್ನು ಕೊಲ್ಲುತ್ತಿತ್ತು. ಅಮೆರಿಕದ ವಿಸ್ಕಾನ್ಸಿನ್‌ನ ಪ್ರಾಧ್ಯಾಪಕ ಚಾರ್ಲ್ಸ್ ಸ್ಲಿಕ್ಟರ್ ಶೋಲ್ ಲೇಕ್‌ನ ಕಡೆ ಬೆರಳು ತೋರಿದರು. ಆ ಸರೋವರದ ದಂಡೆಯಲ್ಲಿ ಮೂಲನಿವಾಸಿಗಳಾದ ಅನಿಶಿನಾಬೆ ಜನ ಕಾಲಾಂತರದಿಂದ ಬದುಕಿದ್ದರು. 1873ರಲ್ಲಿ ಬ್ರಿಟಿಷ್ ದೊರೆತನದೊಂದಿಗೆ ಮೂರನೆಯ ಒಪ್ಪಂದಕ್ಕೆ ಒಪ್ಪಿ, ತಮ್ಮ ಪಾಲಿಗೆ ಉಳಿದ ತುಂಡು ನೆಲದಲ್ಲಿ ಮೀನು ಹಿಡಿದು, ಕಾಡು ಅಕ್ಕಿ ಕೊಯ್ದು ಜೀವನ ಸಾಗಿಸುತ್ತಿದ್ದವರು. ಕಾಲುವೆಗಾಗಿ ಅವರ ಸುಮಾರು 3,000 ಎಕರೆ ನೆಲವನ್ನು ಸರ್ಕಾರ ವಿನಿಪೆಗ್‌ನ ನೀರಿನ ಸಂಸ್ಥೆಗೆ ಮಾರಿತು. ಬೆಲೆ ಹೆಚ್ಚುಕಡಿಮೆ 1,500 ಡಾಲರ್. ಹಿರಿಯರ ಸಮಾಧಿಗಳಿದ್ದ ನೆಲವನ್ನೂ ಅಗೆದರೆಂದು ಊರಿನವರು ಇವತ್ತಿಗೂ ಹೇಳುತ್ತಾರೆ.

ಅಲ್ಲಿಗೇ ನಿಂತಿದ್ದರೆ ಇದು ಭೂಸ್ವಾಧೀನದ ಕಥೆಗಳಲ್ಲಿ ಮತ್ತೊಂದು ಎನ್ನಬಹುದಿತ್ತು. ಆದರೆ ಎಂಜಿನಿಯರುಗಳಿಗೆ ಇನ್ನೊಂದು ತೊಡಕಿತ್ತು. ಕಾಲುವೆಯ ಬಾಯಿಯ ಹತ್ತಿರವೇ ಫಾಲ್ಕನ್ ನದಿ ಸರೋವರ ಸೇರುತ್ತಿತ್ತು. ಜವುಗಿನ ಪಾಚಿ, ಕೊಳೆತ ಎಲೆಗಳ ರಸ ಇಳಿದು ಆ ನದಿಯ ನೀರು ಕಂದು. ನಗರಕ್ಕೆ ತಿಳಿನೀರು ಬೇಕು. ಅದಕ್ಕಾಗಿ ಒಂದು ಒಡ್ಡು ಹಾಕಿ, ಒಂದು ನಾಲೆ ತೋಡಿ, ಕಂದು ನೀರನ್ನು ಪಕ್ಕದ ಸ್ನೋಶೂ ಕೊಲ್ಲಿಗೆ ತಿರುಗಿಸಿದರು. ಅನಿಶಿನಾಬೆ ಜನರ ಮನೆಗಳಿದ್ದದ್ದು ಆ ಕಡೆಗೆ. ನಾಲೆ ತೋಡಿದಾಗ ಅವರ ಊರು ಮುಖ್ಯ ನೆಲದಿಂದ ಕಡಿದುಹೋಗಿ ದ್ವೀಪವಾಯಿತು. ತಿಳಿನೀರು ನಗರಕ್ಕೆ, ಕಂದು ನೀರು ಊರಿಗೆ.

ಈ ಊರಿನ ಹೆಸರು ಶೋಲ್ ಲೇಕ್ 40 ಫಸ್ಟ್ ನೇಶನ್. ಮುಂದಿನ ನೂರು ವರ್ಷ ಇಲ್ಲಿಗೆ ಬರಬೇಕಾದರೆ ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲಿನ ದಾರಿ. ಹಿಮ ಕಟ್ಟುವ, ಕರಗುವ ನಡುಗಾಲದಲ್ಲಿ ಎರಡೂ ಇಲ್ಲ. ತೆಳುಮಂಜಿನ ಮೇಲೆ ಹೆಜ್ಜೆ ಇಟ್ಟು ಮುಳುಗಿ ಸತ್ತವರಿದ್ದಾರೆ. 1997ರಲ್ಲಿ ನಲ್ಲಿ ನೀರನ್ನು ಕುದಿಸದೆ ಕುಡಿಯಬೇಡಿ ಎಂಬ ಸೂಚನೆ ಬಂತು. ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿಯ ಭಯ. ಇದು ನಾಲ್ಕೈದು ಮೈಕ್ರಾನ್ ಗಾತ್ರದ ಗಟ್ಟಿ ಚಿಪ್ಪಿನ ಜೀವಿ. ಕ್ಲೋರಿನ್ ಹಾಕಿದರೆ ಸಾಯುವುದಿಲ್ಲ. ಚೆನ್ನಾಗಿ ಸೋಸಬೇಕು, ಇಲ್ಲವೇ ಅತಿನೇರಳೆ ಬೆಳಕಿಗೆ ಒಡ್ಡಬೇಕು, ಇಲ್ಲವೇ ಕುದಿಸಬೇಕು. ಊರಿನಲ್ಲಿ ಸೋಸುವ ಘಟಕವಿರಲಿಲ್ಲ. ಕಟ್ಟಿಕೊಡಿ ಎಂದರೆ, ರಸ್ತೆಯಿಲ್ಲದ ಜಾಗಕ್ಕೆ ಸಾಮಾನು ಸಾಗಿಸುವ ಖರ್ಚು ಹೆಚ್ಚು ಎಂಬ ಉತ್ತರ. ಹೀಗೆ ರಸ್ತೆ ಇಲ್ಲದ್ದರಿಂದ ಘಟಕವಿಲ್ಲ. ರಸ್ತೆ ಏಕಿಲ್ಲ ಎಂದರೆ ನಗರಕ್ಕೆ ನೀರು ಹೋಗಬೇಕಿತ್ತು.

ವಿನಿಪೆಗ್ ಕೂಡ ಬಹಳ ಕಾಲ ಇದೇ ಸರೋವರದ ನೀರಿಗೆ ಕ್ಲೋರಿನ್ ಬೆರೆಸಿ, ಸೋಸದೆ ಕುಡಿಯಿತು. 2009ರಲ್ಲಿ ನಗರ ತನ್ನ ದೊಡ್ಡ ಶುದ್ಧೀಕರಣ ಘಟಕ ಕಟ್ಟಿಕೊಂಡಿತು. ಸರೋವರದ ದಂಡೆಯಲ್ಲೇ ಇದ್ದ ಊರು ಇನ್ನೂ ಹನ್ನೆರಡು ವರ್ಷ ಕಾದಿತು. ನನ್ನ ತಮ್ಮ ಕಾರು ಓಡಿಸುತ್ತಲೇ ಇದನ್ನೆಲ್ಲ ಕೇಳಿಸಿಕೊಂಡ. "ಅಂದ್ರೆ ನನ್ನ ಮಕ್ಕಳು ನಲ್ಲಿಗೆ ಬಾಯಿ ಹಾಕಿ ಕುಡೀತಿದ್ದಾಗ, ಇಲ್ಲಿನ ಮಕ್ಕಳಿಗೆ ಬಾಟಲಿ ನೀರು" ಅಂದ. ಮತ್ತೆ ಸುಮ್ಮನಾದ. ಏಳು ಲಕ್ಷಕ್ಕೂ ಹೆಚ್ಚು ಜನ ಕುಡಿಯುವ ಆ ನೀರನ್ನು ವಿನಿಪೆಗ್‌ನ ಕನ್ನಡದ ಮನೆಗಳೂ ಕುಡಿಯುತ್ತವೆ. ಈ ಕಥೆಯ ಪಾತ್ರಗಳಲ್ಲಿ ನಾವೂ ಇದ್ದೇವೆ.

ಊರಿನವರು ಕೈಕಟ್ಟಿ ಕೂತಿರಲಿಲ್ಲ. ನಡೆದರು, ಮೆರವಣಿಗೆ ಮಾಡಿದರು, ನಗರದ ಚರ್ಚುಗಳನ್ನೂ ನಾಗರಿಕ ಗುಂಪುಗಳನ್ನೂ ಜೊತೆಗೆ ಸೇರಿಸಿಕೊಂಡರು. 2014ರಲ್ಲಿ ವಿನಿಪೆಗ್‌ನಲ್ಲಿ ಮಾನವ ಹಕ್ಕುಗಳ ಭವ್ಯ ಸಂಗ್ರಹಾಲಯ ತೆರೆಯಿತು. ಆ ಹೊತ್ತಿಗೆ ಇವರು ತಮ್ಮ ಊರನ್ನೇ ಮಾನವ ಹಕ್ಕುಗಳ ಉಲ್ಲಂಘನೆಯ ಸಂಗ್ರಹಾಲಯ ಎಂದು ಸಾರಿ, ಬನ್ನಿ ನೋಡಿ ಎಂದು ಕರೆದರು. ಜನ ದೋಣಿ ಹತ್ತಿ ಬಂದು ನಾಲೆಯನ್ನೂ ಒಡ್ಡನ್ನೂ ನೀರಿನ ಕ್ಯಾನುಗಳನ್ನೂ ನೋಡಿದರು. ಕೊನೆಗೆ ಕೇಂದ್ರ ಸರ್ಕಾರ, ಮ್ಯಾನಿಟೋಬಾ ಪ್ರಾಂತ್ಯ, ವಿನಿಪೆಗ್ ನಗರ ಮೂರೂ ಸೇರಿ ಹಣ ಹಾಕಿದವು. 2019ರ ಜೂನ್‌ನಲ್ಲಿ ಫ್ರೀಡಂ ರೋಡ್ ತೆರೆಯಿತು. ಅದರ ಬೆನ್ನಿಗೇ 3.3 ಕೋಟಿ ಡಾಲರಿನ ನೀರಿನ ಘಟಕದ ಕೆಲಸ ಹಿಡಿಯಿತು. 2021ರ ಸೆಪ್ಟೆಂಬರಿನಲ್ಲಿ ಕುದಿಸುವ ಸೂಚನೆ ರದ್ದಾಯಿತು. ಇಪ್ಪತ್ನಾಲ್ಕು ವರ್ಷ! ಆ ಸೂಚನೆಯ ಕಾಲದಲ್ಲಿ ಹುಟ್ಟಿದ ಮಗು ತಾನೇ ತಾಯಿಯಾಗುವಷ್ಟು ಕಾಲ.

ಈಗ ನಾವು ಸಾಗುತ್ತಿದ್ದದ್ದು ಆ ರಸ್ತೆಯಲ್ಲಿ. ಎರಡೂ ಬದಿಗೆ ಡೈನಮೈಟ್ ಹಾಕಿ ಸೀಳಿದ ಬಂಡೆಗಳು ಹಸಿಗಾಯದಂತೆ ಹೊಳೆಯುತ್ತಿದ್ದವು. ಬೀವರ್‌ಗಳು ಕಡಿದುಹಾಕಿದ ಮರಗಳ ಮೊಂಡು ಬುಡಗಳು, ಅವು ಕಟ್ಟಿದ ಪುಟ್ಟ ಅಣೆಕಟ್ಟುಗಳು. ನೀರಿನ ಕೆಲಸದಲ್ಲಿ ಈ ನಾಡಿನ ಹಳೆಯ ಪರಿಣತರು ಅವೇ. ನಾಲೆಯ ಸೇತುವೆ ದಾಟುವಾಗ ಕಾರು ನಿಲ್ಲಿಸಿ ಇಳಿದೆ. ಕೆಳಗೆ ನೀರು ನಿಜಕ್ಕೂ ಕಂದು, ಡಿಕಾಕ್ಷನ್‌ನ ಬಣ್ಣ. ಅದರಾಚೆ ಸರೋವರ ಅಂಚೇ ಇಲ್ಲದ ನೀಲಿಯಾಗಿ ಹರಡಿತ್ತು. ದೂರದಲ್ಲಿ ಲೂನ್ ಹಕ್ಕಿಯೊಂದು ಕೂಗಿತು. ಆ ದೀರ್ಘ ಕೂಗು ನೀರಿನ ಮೇಲೆ ಜಾರಿ, ಎದುರು ದಂಡೆಯ ಬಂಡೆಗೆ ತಾಗಿ, ಮತ್ತೆ ನಮ್ಮ ಕಡೆಗೆ ಬಂತು. ಇಷ್ಟು ನೀರಿನ ನಡುವೆ ಕೂತು ಕುಡಿಯುವ ನೀರಿಗಾಗಿ ಕಾದರಲ್ಲ ಎಂದು ಎದೆ ಭಾರವಾಯಿತು.

ಘಟಕದ ಕಟ್ಟಡ ಹೊರಗಿನಿಂದ ಸಾಧಾರಣ. ಒಳಗೆ ಹೋದರೆ ಪೈಪುಗಳ ಬೇರೊಂದು ಕಾಡು. ನಮ್ಮನ್ನು ಕರೆದೊಯ್ದವರು ಅಲ್ಲಿನ ಆಪರೇಟರ್. ನಡುವಯಸ್ಸಿನ, ಮೆತ್ತಗಿನ ದನಿಯ ಅನಿಶಿನಾಬೆ ಮನುಷ್ಯ. ನಮ್ಮ ಹಳೆಯ ಮೈಸೂರು ಸೀಮೆಯ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದರಲ್ಲ, ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ಕೈಯಲ್ಲೇ ಇಟ್ಟುಕೊಂಡಿದ್ದವರು, ಈತ ನನಗೆ ಥೇಟ್ ಅವರ ಬಳಗ. ಪಂಪಿನ ಸದ್ದಿಗೆ ಕಿವಿಗೊಟ್ಟು ಅದರ ಆರೋಗ್ಯ ಹೇಳುತ್ತಿದ್ದರು.

ಕಂದು ನೀರನ್ನು ಶುದ್ಧ ಮಾಡುವುದು ತೋರಿಕೆಗಿಂತ ನಾಜೂಕಿನ ಕೆಲಸ. ಎಲೆರಸ ತುಂಬಿದ ನೀರಿಗೆ ನೇರವಾಗಿ ಕ್ಲೋರಿನ್ ಸುರಿದರೆ ಎರಡೂ ಕೂಡಿ ಟ್ರೈಹೆಲೊಮೀಥೇನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ದೀರ್ಘಕಾಲ ಕುಡಿದರೆ ಅವು ಆರೋಗ್ಯಕ್ಕೆ ಅಪಾಯ. ಹಾಗಾಗಿ ಮೊದಲು ಆ ರಸವನ್ನೇ ನೀರಿನಿಂದ ಬಿಡಿಸಬೇಕು. ಇಂಥ ಸರೋವರದ ನೀರಿಗೆ ಸಾಮಾನ್ಯವಾಗಿ ಪಟಿಕದಂಥ ವಸ್ತು ಬೆರೆಸಿ ಕಲಕುತ್ತಾರೆ. ಕಣ್ಣಿಗೆ ಕಾಣದ ಕಣಗಳು ಒಂದಕ್ಕೊಂದು ಅಂಟಿ, ಹಿಂಜಿದ ಅರಳೆಯಂತಾಗಿ ಬೇರೆಯಾಗುತ್ತವೆ. ಆಮೇಲೆ ಸೋಸುವಿಕೆ, ಆಮೇಲೆ ರೋಗಾಣುಗಳ ನಾಶ, ಕೊನೆಗೆ ಪೈಪಿನುದ್ದಕ್ಕೂ ಕಾವಲಿರಲೆಂದು ಒಂದಿಷ್ಟು ಕ್ಲೋರಿನ್. ಮಂಜು ಕರಗುವ ವಸಂತದಲ್ಲಿ ಸರೋವರದ ನೀರು ಒಂದು ಬಗೆ, ಪಾಚಿ ಏಳುವ ಬೇಸಿಗೆಯಲ್ಲಿ ಇನ್ನೊಂದು, ಮೈನಸ್ ಮೂವತ್ತರ ಚಳಿಯಲ್ಲಿ ಮತ್ತೊಂದು. ಕಾಲಕ್ಕೆ ತಕ್ಕಂತೆ ಮದ್ದಿನ ಪ್ರಮಾಣ ಬದಲಾಗಬೇಕು. ಯಂತ್ರದ ಪುಸ್ತಕದಲ್ಲಿ ಇರುವುದು ಸರಾಸರಿ ಲೆಕ್ಕ. ಈ ಸರೋವರದ ಮನಸ್ಸು ಬಲ್ಲವರು ಈ ದಂಡೆಯವರೇ.

ಆತ ಚಿಕ್ಕ ಗಾಜಿನ ಸೀಸೆಗೆ ನಲ್ಲಿಯ ನೀರು ಹಿಡಿದು, ಒಂದು ಪೊಟ್ಟಣದ ಪುಡಿ ಹಾಕಿ ಅಲುಗಾಡಿಸಿದರು. ನೀರು ನಸುಗುಲಾಬಿಯಾಯಿತು. ಆ ಬಣ್ಣದ ದಟ್ಟಣೆ ನೋಡಿ ಕ್ಲೋರಿನ್ ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಅಳತೆಯನ್ನು ಪುಸ್ತಕದಲ್ಲಿ ಬರೆದು ಗಂಟೆ ನಮೂದಿಸಿದರು. ದಿನವೂ ಮಾಡುವ ಕೆಲಸ. ನಾನು ಮಾತ್ರ ಆ ಸೀಸೆಯಿಂದ ಕಣ್ಣು ಕೀಳಲಾರದೆ ನಿಂತೆ. ನೂರು ವರ್ಷ ಈ ಊರಿನ ನೀರಿನ ತೀರ್ಮಾನ ಎಲ್ಲೆಲ್ಲೋ ಆಗುತ್ತಿತ್ತು. ಈಗ ಈ ಊರಿನಲ್ಲೇ ಹುಟ್ಟಿದ ಮನುಷ್ಯ ಕಿಟಕಿಯ ಬೆಳಕಿಗೆ ಸೀಸೆ ಹಿಡಿದು, ಇವತ್ತಿನ ನೀರು ಸರಿಯಿದೆ ಎಂದು ತಾನೇ ಬರೆದು ಸಹಿ ಹಾಕುತ್ತಿದ್ದಾನೆ.

ಕಟ್ಟುವುದಕ್ಕಿಂತ ನಡೆಸುವುದು ಕಷ್ಟ ಎಂಬುದು ಕೆನಡಾದ ಮೂಲನಿವಾಸಿ ಊರುಗಳ ಕಹಿ ಅನುಭವ. ಉತ್ತರ ಒಂಟಾರಿಯೊದ ನೆಸ್ಕಾಂಟಾಗಾದಲ್ಲಿ ಘಟಕ ಕಟ್ಟಿದ್ದರು. ಅದು ಕೈಕೊಟ್ಟು 1995ರ ಫೆಬ್ರವರಿಯಲ್ಲಿ ಕುದಿಸುವ ಸೂಚನೆ ಬಂತು. 2025ಕ್ಕೆ ಮೂವತ್ತು ವರ್ಷ ತುಂಬಿದಾಗಲೂ ಅದು ಮುಗಿದಿರಲಿಲ್ಲ. ಕಶೆಚೆವಾನ್ ಎಂಬ ಊರಿನಲ್ಲಿ ನೀರೆಳೆಯುವ ಪೈಪು ಕೊಳಚೆ ಹೊಂಡದ ಕೆಳಹರಿವಿನಲ್ಲಿತ್ತು. 2005ರಲ್ಲಿ ನೀರಿನಲ್ಲಿ ಇ ಕೊಲೈ ಕಂಡು ನೂರಾರು ಜನರನ್ನು ವಿಮಾನದಲ್ಲಿ ಸಾಗಿಸಬೇಕಾಯಿತು. ಊರಿನ ಒಬ್ಬ ಮುದುಕಿಯನ್ನು ಕೇಳಿದ್ದರೂ ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆಂದು ಹೇಳುತ್ತಿದ್ದಳು ಎಂದು ನನಗೆ ಸಿಟ್ಟು ಬರುತ್ತದೆ.

ಹಣದ ಏರ್ಪಾಟೂ ಹಾಗೇ ಇತ್ತು. ಘಟಕ ನಡೆಸುವ, ರಿಪೇರಿ ಮಾಡುವ ಖರ್ಚಿನಲ್ಲಿ ಕೇಂದ್ರ ಸರ್ಕಾರ ಶೇ. 80ರಷ್ಟು ಕೊಡುವುದು, ಉಳಿದದ್ದನ್ನು ಊರು ಹೊಂದಿಸಿಕೊಳ್ಳುವುದು. ಮುನ್ನೂರು ನಾನೂರು ಜನರ ಊರು ಅದನ್ನು ಎಲ್ಲಿಂದ ತರಬೇಕು? ಸಂಬಳ ಕಡಿಮೆಯಾಗಿ, ತರಬೇತಾದ ಆಪರೇಟರುಗಳು ಪಟ್ಟಣದ ಕೆಲಸಕ್ಕೆ ಹೋಗಿಬಿಡುತ್ತಿದ್ದರು. 2020ರ ಕೊನೆಯಲ್ಲಿ ಆ ಖರ್ಚನ್ನು ಪೂರ್ತಿ ಭರಿಸುವುದಾಗಿ ಸರ್ಕಾರ ಘೋಷಿಸಿತು. ಮರುವರ್ಷ ಕರ್ವ್ ಲೇಕ್, ನೆಸ್ಕಾಂಟಾಗಾ, ಟಾಟಾಸ್ಕ್ವೆಯಾಕ್ ಊರುಗಳು ಹೂಡಿದ ಮೊಕದ್ದಮೆ 800 ಕೋಟಿ ಡಾಲರಿನ ಒಪ್ಪಂದದಲ್ಲಿ ಮುಗಿಯಿತು. 2015ರಲ್ಲಿ ದೇಶದಾದ್ಯಂತ ಇದ್ದ 105 ದೀರ್ಘಕಾಲದ ಸೂಚನೆಗಳನ್ನು 2021ರ ಮಾರ್ಚಿಗೆ ಮುಗಿಸುತ್ತೇವೆಂದು ಆಗಿನ ಪ್ರಧಾನಿ ಟ್ರುಡೊ ಅವರ ಸರ್ಕಾರ ಮಾತು ಕೊಟ್ಟಿತ್ತು. ಗಡುವು ತಪ್ಪಿತು. ಅನೇಕ ಊರುಗಳ ಸೂಚನೆ ತೆರವಾದದ್ದೂ ನಿಜ.

ನನಗೆ ಹೆಚ್ಚು ಹಿಡಿಸಿದ್ದು ಕಲಿಸುವ ಕ್ರಮ. ಸರ್ಕ್ಯೂಟ್ ರೈಡರ್ ಎಂದು ಕರೆಯುವ ತರಬೇತುದಾರರು ಊರಿಂದ ಊರಿಗೆ ಸುತ್ತುತ್ತಾರೆ. ಪಟ್ಟಣದ ತರಗತಿಯಲ್ಲಿ ಕಲಿಸಿ ಕಳಿಸುವ ಬದಲು, ಆಪರೇಟರ್ ದಿನಾ ಮುಟ್ಟುವ ಅದೇ ಪಂಪು, ಅದೇ ಕವಾಟದ ಮುಂದೆ ನಿಂತು ಕಲಿಸುತ್ತಾರೆ. ವಾಯವ್ಯ ಒಂಟಾರಿಯೊದ ಕೀವೇಟಿನೂಕ್ ಒಕಿಮಾಕನಾಕ್ ಎಂಬ ಮೂಲನಿವಾಸಿ ಊರುಗಳ ಒಕ್ಕೂಟ ತನ್ನದೇ ತರಬೇತಿ ಕೇಂದ್ರ ನಡೆಸುತ್ತದೆ. ಅಟ್ಲಾಂಟಿಕ್ ಕರಾವಳಿಯಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಅಲ್ಲಿನ ಊರುಗಳು ಸೇರಿ ಕಟ್ಟಿದ ನೀರಿನ ಪ್ರಾಧಿಕಾರಕ್ಕೆ 2022ರಲ್ಲಿ ಕೇಂದ್ರ ಸರ್ಕಾರ ನೀರಿನ ಹೊಣೆಯನ್ನೇ ಹಸ್ತಾಂತರಿಸಿತು. ಮೂಲನಿವಾಸಿಗಳೇ ಒಡೆತನ ಹೊಂದಿದ ಇಂಥ ಸಂಸ್ಥೆ ಕೆನಡಾದಲ್ಲಿ ಅದೇ ಮೊದಲು. ಹಿರಿಯರ ತಿಳಿವಿನ ಒಂದು ಕಣ್ಣು, ಆಧುನಿಕ ವಿಜ್ಞಾನದ ಒಂದು ಕಣ್ಣು, ಎರಡನ್ನೂ ತೆರೆದು ನೋಡಬೇಕೆಂಬ ಮಿಗ್‌ಮಾ ಜನರ ಮಾತು ಆ ಸಂಸ್ಥೆಯ ನಡೆಗೆ ದಾರಿ.

ಮಧ್ಯಾಹ್ನ ಊರಿನ ಹಿರಿಯ ಹೆಂಗಸೊಬ್ಬರು ಚಹಾ ಮಾಡಿಕೊಟ್ಟರು. ನಲ್ಲಿ ತಿರುಗಿಸಿ ನೀರು ಹಿಡಿದು ಕೆಟಲಿಗೆ ಹಾಕಿದರು. ನಾನು ಅದನ್ನೇ ನೋಡುತ್ತಿದ್ದದ್ದು ಅವರ ಗಮನಕ್ಕೆ ಬಂದಿರಬೇಕು, ನಕ್ಕರು. ಅನಿಶಿನಾಬೆಯರಲ್ಲಿ ನೀರಿನ ಹೊಣೆ ಹೆಂಗಸರದು. ಹುಟ್ಟುವ ಪ್ರತಿ ಮನುಷ್ಯನೂ ಮೊದಲು ತಾಯಿಯ ಒಡಲಿನ ನೀರಿನಲ್ಲಿ ಇರುತ್ತಾನಾದ್ದರಿಂದ. ಜೋಸೆಫಿನ್ ಮಂಡಾಮಿನ್ ಎಂಬ ಅಜ್ಜಿ 2003ರಲ್ಲಿ ತಾಮ್ರದ ಬಕೆಟ್ಟಿನಲ್ಲಿ ನೀರು ಹಿಡಿದು ಸುಪೀರಿಯರ್ ಸರೋವರವನ್ನು ಕಾಲ್ನಡಿಗೆಯಲ್ಲಿ ಸುತ್ತಿದರು. ಮುಂದಿನ ವರ್ಷಗಳಲ್ಲಿ ಉಳಿದ ಮಹಾಸರೋವರಗಳನ್ನೂ ಸುತ್ತಿದರು. 2019ರಲ್ಲಿ ತೀರಿಕೊಂಡರು. ಅವರ ಹೆಸರೆತ್ತಿದಾಗ ಆ ಹಿರಿಯರ ದನಿ ಬೇರೆಯಾಯಿತು. ಘಟಕದ ಪೈಪುಗಳನ್ನು ನೋಡಿ ಬಂದ ಕಣ್ಣಿಗೆ ಈ ನಡಿಗೆ ಬೇರೆ ಲೋಕದ್ದೆನಿಸಲಿಲ್ಲ. ಸೀಸೆಯಲ್ಲಿ ಬಣ್ಣ ನೋಡುವುದೂ ಬಕೆಟ್ಟು ಹೊತ್ತು ನಡೆಯುವುದೂ ಒಂದೇ ಕಾಳಜಿಯ ಎರಡು ಕೆಲಸ.

ಕಾಡು ಅಕ್ಕಿಯ ಅನ್ನವನ್ನೂ ಬಡಿಸಿದರು. ಮನೂಮಿನ್ ಅನ್ನುತ್ತಾರೆ. ಉದ್ದನೆಯ ಕಪ್ಪುಗಂದು ಕಾಳು, ಬೆಂದಾಗ ಹೊಗೆಯ ಪರಿಮಳ. ಸರೋವರದ ಆಳವಿಲ್ಲದ ನೀರಿನಲ್ಲಿ ತಾನಾಗಿ ಬೆಳೆಯುವ ಇದನ್ನು ಇಬ್ಬರು ದೋಣಿಯಲ್ಲಿ ಹೋಗಿ, ಒಬ್ಬರು ದೋಣಿ ತಳ್ಳುತ್ತಿದ್ದರೆ ಇನ್ನೊಬ್ಬರು ಕೋಲಿನಿಂದ ತೆನೆ ಬಾಗಿಸಿ ಬಡಿದು ಉದುರಿಸಿಕೊಳ್ಳುತ್ತಾರೆ. ನೀರಿನ ಮಟ್ಟ ಸ್ವಲ್ಪ ಏರಿದರೂ ಬೆಳೆ ಹಾಳು. ಕೊಯ್ಲು ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನೊಳಗೆ ಕೆಲವೇ ದಿನ.

ಹೊರಡುವ ಮುಂಚೆ ಮತ್ತೊಮ್ಮೆ ಘಟಕದ ಹತ್ತಿರ ಹೋದೆವು. ನಿಮ್ಮ ಕಡೆ ಹೇಗೆ ಎಂದು ಆಪರೇಟರ್ ಕೇಳಿದರು. ಕರ್ನಾಟಕದ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳ ವಿಷಯ ಹೇಳಿದೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ, ಫ್ಲೋರೈಡ್ ಇರುವ ಸೀಮೆಗಳಲ್ಲಿ ಅದೇ ಆಸರೆ, ಮೆಂಬರೇನ್ ಕಟ್ಟಿಕೊಂಡು ಬೀಗ ಬಿದ್ದವೂ ಬಹಳ ಎಂದೆ. "ಬೀಗ ಬಿದ್ದವುಗಳ ಕೀಲಿ ಯಾರ ಹತ್ತಿರ ಇರುತ್ತದೆ?" ಎಂದು ಅವರು ಕೇಳಿದರು. ಗುತ್ತಿಗೆದಾರರ ಹತ್ತಿರ ಅಂದೆ. ಅವರು ತಲೆಯಾಡಿಸಿದರು, ಆ ಕಥೆ ಗೊತ್ತಿದ್ದವರ ಹಾಗೆ.

ಒಬ್ಬ ಯುವತಿ ಒಳಗಿನಿಂದ ಬಂದು ಏನೋ ಲೆಕ್ಕ ತೋರಿಸಿದಳು. ಪ್ರಮಾಣಪತ್ರದ ಪರೀಕ್ಷೆಗೆ ಓದುತ್ತಿದ್ದಾಳೆ ಎಂದು ಆತ ಪರಿಚಯಿಸಿದರು. ಅವಳು ಪಾಸಾಗಲಿ ಎಂದು ಊರೆಲ್ಲ ಹಾರೈಸುತ್ತಿದೆಯಂತೆ, ಎಲ್ಲರಿಗಿಂತ ಹೆಚ್ಚು ತಾವು. ಘಟಕಕ್ಕೆ ರಜೆಯಿಲ್ಲ, ಹಗಲು ರಾತ್ರಿ ಯಾರಾದರೂ ಕಾಯಬೇಕು. ಕೈಗೆ ಇನ್ನೊಬ್ಬರು ತಯಾರಾದರೆ ಮುಂದಿನ ಸೆಪ್ಟೆಂಬರಿನಲ್ಲಿ ತಾವೂ ಮನೂಮಿನ್ ಕೊಯ್ಲಿಗೆ ದೋಣಿ ಇಳಿಸಬಹುದು ಎಂದರು. ಅವಳು ಲೆಕ್ಕದ ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡು, ಒಂದು ಅಂಕಿ ತಿದ್ದಿ, ಮತ್ತೆ ಒಳಗೆ ಹೋದಳು.